ಓಡಿದ್ದು 286, ಕೊಟ್ಟಿದ್ದು 600ಕ್ಕೆ

ಎರಡು ದಿನದ ಪ್ರವಾಸ ಅಂದರೆ ನಾವು ಮೊದಲು ವಿಚಾರಿಸುವುದು ಲಾಡ್ಜ್ ಬಾಡಿಗೆ. ಶಿಕಾರಿಪುರ, ಸೊರಬದ ಕಡೆ ಅದು ದೊಡ್ಡ ಖರ್ಚೇ ಅಲ್ಲ. ಬಳ್ಳಿಗಾವಿಯ ಕೇದಾರೇಶ್ವರಕ್ಕೆ ಟಿಕೆಟ್ಟಿಲ್ಲ, ತಾಳಗುಂದದ ಪ್ರಣವೇಶ್ವರಕ್ಕಿಲ್ಲ, ಚಂದ್ರಗುತ್ತಿಯ ಕೋಟೆ ಹತ್ತುವವರನ್ನೂ ಯಾರೂ ಕಾಸು ಕೇಳುವುದಿಲ್ಲ. ಹೋಲಿಸಿ ನೋಡಿ: ಜಪಾನಿನ ಹಿಮೇಜಿಯಲ್ಲಿ ರೈಲು ಇಳಿದರೆ ಕೋಟೆ ನೇರ ಎದುರಿಗೆ, ಒಂದು ಕಿಲೋಮೀಟರಿನ ಆಸುಪಾಸು. ನಡೆದುಕೊಂಡೇ ಹೋಗಬಹುದು, ಟಿಕೆಟ್‌ಗೆ ಮಾತ್ರ ದುಡ್ಡು. ನಮ್ಮಲ್ಲಿ ಕೋಟೆ ಪುಕ್ಕಟೆ, ಅಲ್ಲಿಗೆ ಮುಟ್ಟುವುದು ದುಬಾರಿ.

ಹೋದ ಚಳಿಗಾಲದಲ್ಲಿ ಅಮ್ಮ, ಹೆಂಡತಿ, ಮಗಳ ಜೊತೆ ರೈಲಿನಲ್ಲಿ ಶಿವಮೊಗ್ಗಕ್ಕೆ ಬಂದು ಎರಡು ದಿನಕ್ಕೆ ಕಾರು ಗೊತ್ತು ಮಾಡಿದೆ. ಕಿಲೋಮೀಟರಿಗೆ 14 ರೂಪಾಯಿ, ಚಾಲಕರ ಬಾಟಾ ದಿನಕ್ಕೆ 500, ದಿನಕ್ಕೆ ಕನಿಷ್ಠ 300 ಕಿಲೋಮೀಟರ್, ಗ್ಯಾರೇಜಿನಿಂದ ಗ್ಯಾರೇಜಿಗೆ. ಮೊದಲ ದಿನ ಶಿಕಾರಿಪುರ, ಶಿರಾಳಕೊಪ್ಪ, ಬಳ್ಳಿಗಾವಿ, ತಾಳಗುಂದ, ಆನವಟ್ಟಿ ಪಕ್ಕದ ಕುಬಟೂರು, ರಾತ್ರಿ ಸೊರಬ. ಮರುದಿನ ಚಂದ್ರಗುತ್ತಿ, ಸಾಗರದ ಮೇಲೆ ವಾಪಸ್ಸು. ಒಟ್ಟು ಓಡಿದ್ದು 286 ಕಿಲೋಮೀಟರ್.

ಈಗ ಲೆಕ್ಕಕ್ಕೆ ಬನ್ನಿ. ಎರಡು ದಿನಕ್ಕೆ ಕನಿಷ್ಠ 600. ಅದನ್ನು 14ರಿಂದ ಗುಣಿಸಿದರೆ 8,400. ಬಾಟಾ 1,000 ಸೇರಿ 9,400. ಓಡಿದಷ್ಟಕ್ಕೇ ಕೊಟ್ಟಿದ್ದರೆ 286ಕ್ಕೆ 4,004, ಬಾಟಾ ಸೇರಿ 5,004. ವ್ಯತ್ಯಾಸ 4,396 ರೂಪಾಯಿ. ಕೊಟ್ಟ 9,400ನ್ನು ಓಡಿದ 286ರಿಂದ ಭಾಗಿಸಿ ನೋಡಿ: ಕಿಲೋಮೀಟರಿಗೆ ಹತ್ತಿರ ಹತ್ತಿರ 33 ರೂಪಾಯಿ. ಎರಡೂ ದಿನದ ಓಟ ಸೇರಿದರೂ ಒಂದು ದಿನದ ಕನಿಷ್ಠವನ್ನು ಮುಟ್ಟಲಿಲ್ಲ! ಬೆಂಗಳೂರಿನಿಂದ ತಿರುಪತಿಗೋ ಧರ್ಮಸ್ಥಳಕ್ಕೋ ಹೋಗಿಬರುವವರಿಗೆ ಈ ಕರಾರು ಸರಿಹೋಗುತ್ತದೆ. ಇಪ್ಪತ್ತು ಕಿಲೋಮೀಟರಿಗೊಂದು ನಿಲ್ಲುವ ಜಾಗ ಇರುವ ತಾಲ್ಲೂಕುಗಳಲ್ಲಿ ಅದೇ ಕರಾರು ಹೇರುವುದು ಯಾವ ನ್ಯಾಯ? ಅದನ್ನೇ ‘600 ಕಿಲೋಮೀಟರ್ ಸೇರಿದೆ’ ಎಂದು ಉಪಕಾರ ಮಾಡಿದವರಂತೆ ಪ್ಯಾಕೇಜಿನಲ್ಲಿ ಬರೆಯುತ್ತಾರೆ. ಓದಿದರೆ ಮೈ ಉರಿಯುತ್ತದೆ.

ಚಾಲಕರದ್ದೇನೂ ತಪ್ಪಿಲ್ಲ, ಅವರ ಕೈಗೆ ಬರುವುದು ಬಾಟಾ ಅಷ್ಟೇ. ತಾಳಗುಂದದಲ್ಲಿ ಅವರು ಒಳ್ಳೆ ಮನಸ್ಸಿನಿಂದಲೇ ಹೇಳಿದರು: “ಹೆಂಗೂ ಕಿಲೋಮೀಟರ್ ಉಳಿದಾವೆ ಸಾರ್, ಬೇಗ ಹೊರಟ್ರೆ ಜೋಗಕ್ಕೂ ಹೋಗ್ಬರಬೋದು.” ಈ ಕರಾರಿನ ನಿಜವಾದ ನಷ್ಟ ಇರುವುದು ಇಲ್ಲಿ. ದುಡ್ಡು ಕಟ್ಟಿಯಾಗಿದೆ, ವಸೂಲಾಗಲಿ ಎಂದು ಜನ ಜೋಗ ಸೇರಿಸುತ್ತಾರೆ, ಮುರುಡೇಶ್ವರ ಸೇರಿಸುತ್ತಾರೆ, ತಾಳಗುಂದಕ್ಕೆ ಕಾಲು ಗಂಟೆ ಕೊಡುತ್ತಾರೆ. ಕಂಚಿಗೆ ಓದಲು ಹೋದ ಮಯೂರಶರ್ಮ ಪಲ್ಲವರ ಮೇಲೆ ತಿರುಗಿಬಿದ್ದು ಕದಂಬ ರಾಜ್ಯ ಕಟ್ಟಿದ ಕಥೆ ನಮಗೆ ಗೊತ್ತಾಗಿದ್ದೇ ಅಲ್ಲಿನ ಕಂಬದಿಂದ. ಕುಬ್ಜನೆಂಬ ಕವಿ ರಚಿಸಿದ ಆ ಶಾಸನದ ಮುಂದೆ ಕಾಲು ಗಂಟೆ ಸಾಕೇ? ಬಳ್ಳಿಗಾವಿಯಲ್ಲಿ 1047ರ ಗಂಡಭೇರುಂಡ ಕಂಬವಿದೆ, ತ್ರಿಪುರಾಂತಕದ ಜಾಲಂಧ್ರಗಳಿವೆ. ಅಲ್ಲಮನ ಹೆಸರಿನೊಂದಿಗೆ ಬೆಸೆದುಕೊಂಡ ಊರು ಅದು. ಅಮ್ಮ ಕೇದಾರೇಶ್ವರದ ಜಗಲಿಯ ಮೇಲೆ ಒಂದೂವರೆ ಗಂಟೆ ಕೂತಿದ್ದರು. ಜೋಗಕ್ಕೆ ನಾವು ಹೋಗಲಿಲ್ಲ.

ಕಟ್ಟಿದ ದುಡ್ಡು ಕಟ್ಟಿಯಾಯಿತು, ಅದು ತಿರುಗಿ ಬರುವುದಿಲ್ಲ. ಅದರ ಬೆನ್ನು ಹತ್ತಿ ಹೋದರೆ ಪಾರ್ಕಿಂಗು, ಊಟ, ಇನ್ನೊಂದು ರಾತ್ರಿಯ ರೂಮು ಎಂದು ಹೊಸ ಖರ್ಚು ಹುಟ್ಟುತ್ತದೆ. ಮದುವೆ ಮನೆಯಲ್ಲಿ ಊಟಕ್ಕೆ, ಸೇಲ್‌ನಲ್ಲಿ ಸೀರೆಗೆ, ಮೊಬೈಲ್ ಡೇಟಾಕ್ಕೆ, ಎಲ್ಲದಕ್ಕೂ ನಮಗೆ ಈ ವಸೂಲಿಯ ಚಟ ಅಂಟಿದೆ. ಮಕ್ಕಳು ನಮ್ಮನ್ನು ನೋಡಿಯೇ ಇದನ್ನು ಕಲಿಯುತ್ತಾರೆ. ಎಷ್ಟು ಬೇಕೋ ಅಷ್ಟನ್ನೇ ಕೊಳ್ಳುವುದನ್ನು ಮನೆಯಲ್ಲಿ ರೂಢಿ ಮಾಡಬೇಕು.

ಕಾರೇ ಬೇಡ ಎನ್ನುತ್ತಿಲ್ಲ. ಅಮ್ಮನ ಮಂಡಿನೋವಿಗೆ ಕಾರು ಬೇಕು, ಆದರೆ ಬೇಕಾದ ಕಡೆ ಮಾತ್ರ. ಶಿವಮೊಗ್ಗದಿಂದ ಶಿರಾಳಕೊಪ್ಪಕ್ಕೆ ಸರ್ಕಾರಿ ಬಸ್ಸು ಹಿಡಿದರೆ 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ನಮ್ಮ ನಾಲ್ವರಲ್ಲಿ ಮೂವರಿಗೆ ಟಿಕೆಟ್ ದುಡ್ಡಿಲ್ಲ. ಈ ಸೀಮೆಯಲ್ಲಿ ಖಾಸಗಿ ಬಸ್ಸುಗಳೂ ಬಹಳ, ಅವುಗಳಲ್ಲಿ ಎಲ್ಲರೂ ಕೊಡಬೇಕು. ಹತ್ತುವ ಮುಂಚೆ ಬೋರ್ಡು ನೋಡಿ. ಶಿರಾಳಕೊಪ್ಪದಲ್ಲಿ ವಿಚಾರಿಸಿದಾಗ ಬಳ್ಳಿಗಾವಿ, ತಾಳಗುಂದ ತೋರಿಸಿ ಕರೆತರಲು ಆಟೋದವರು 900 ಹೇಳಿದರು. ಚಂದ್ರಗುತ್ತಿ, ಕುಬಟೂರು ಎರಡಕ್ಕೂ ಸೇರಿ ಸೊರಬದ ಕಾರಿನವರು ಹೇಳಿದ್ದು 2,200. ನನ್ನೊಬ್ಬನ ಬಸ್ ಟಿಕೆಟ್ ಸೇರಿಸಿದರೂ ನಾಲ್ಕು ಸಾವಿರ ದಾಟುವುದಿಲ್ಲ, ಆ ದುಡ್ಡೂ ಅದೇ ಊರಿನಲ್ಲಿ ಉಳಿಯುತ್ತದೆ. ಮಾತಾಡುವಾಗ ಕಾಯುವ ಹೊತ್ತಿನ ದರವನ್ನೂ ಕೇಳಿಕೊಳ್ಳಿ, ಕೋಟೆ ಹತ್ತಿ ಇಳಿಯುವುದಕ್ಕೆ ಅರ್ಧ ದಿನವೇ ಬೇಕು. ಮಾರ್ಚ್ ಹೊತ್ತಿಗೆ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಜಾತ್ರೆ. ಆಗ ಈ ದರ ಯಾವುದೂ ನಡೆಯುವುದಿಲ್ಲ. ಕೋಟೆಗೆಂದೇ ಹೋಗುವವರು ಡಿಸೆಂಬರ್, ಜನವರಿಯಲ್ಲಿ, ಬಿಸಿಲೇರುವ ಮುಂಚೆ ಬೆಟ್ಟದ ಬುಡದಲ್ಲಿರುವ ಹಾಗೆ ಹೊರಡಿ.