‘ನಾನಾರು?’ ಎಂದು ಕೇಳುವ ಯಂತ್ರ

ಹೊಸದಾಗಿ ಕಾಲೇಜಿಗೆ ಸೇರಿದ ವಿದ್ಯಾರ್ಥಿಯು ಮೊದಲನೆಯ ದಿನ ಕಚೇರಿಯ ಕಿಟಕಿಯ ಮುಂದೆ ನಿಂತು, ತನ್ನ ಕ್ರಮಸಂಖ್ಯೆ ಯಾವುದು, ತರಗತಿಯ ವಿಭಾಗ ಯಾವುದು, ಕೂಡಬೇಕಾದ ಕೊಠಡಿ ಯಾವುದು ಎಂದು ಕೇಳುತ್ತಾನೆ. ಗುಮಾಸ್ತರು ದಾಖಲೆಯ ಪುಸ್ತಕವನ್ನು ನೋಡಿ ಹೇಳುತ್ತಾರೆ. ಕ್ಲೌಡ್ ಎಂದು ಕರೆಯುವ ಬಾಡಿಗೆಯ ಗಣಕವ್ಯವಸ್ಥೆಯಲ್ಲಿ ಆಗತಾನೆ ಹುಟ್ಟಿದ ಸರ್ವರಿನ ಪಾಡೂ ಇದೇ. ಕಲಾ ಕಾಲೇಜಿನ ಸಂಚಿಕೆಯಲ್ಲಿ ಯಂತ್ರದ ಮಾತೇಕೆ ಎಂದು ಕೆಲವರು ಕೇಳಬಹುದು. ನಮ್ಮ ಗ್ರಂಥಪಟ್ಟಿಗಳೂ ಹಾಡು ಕಥೆಗಳ ಸಂಗ್ರಹಗಳೂ ಇಂದು ಇಂಥ ಸರ್ವರುಗಳನ್ನೇ ಆಶ್ರಯಿಸುತ್ತಿರುವುದರಿಂದ, ಅವುಗಳ ರೀತಿನೀತಿಗಳನ್ನು ಅಷ್ಟಿಷ್ಟಾದರೂ ಅರಿಯುವುದು ನಮಗೂ ಅವಶ್ಯಕವೆಂದು ನನ್ನ ನಂಬಿಕೆ.

ಅಮೆಜಾನ್ ಸಂಸ್ಥೆಯು ೨೦೦೬ರಲ್ಲಿ ಇಸಿ೨ ಎಂಬ ಹೆಸರಿನಿಂದ ಸರ್ವರುಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡತೊಡಗಿತು. ಒಮ್ಮೆ ಸಿದ್ಧಪಡಿಸಿಟ್ಟ ಒಂದು ಪ್ರತಿಬಿಂಬದಿಂದ ಹತ್ತು ಸರ್ವರುಗಳನ್ನೂ ಎಬ್ಬಿಸಬಹುದು, ನೂರನ್ನೂ ಎಬ್ಬಿಸಬಹುದು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಗೊಂಬೆಗಳಂತೆ ಅವೆಲ್ಲವೂ ಒಂದೇ ರೂಪದಲ್ಲಿರುವುವು. ಆದರೆ ಪ್ರತಿಯೊಂದರ ಗುರುತಿನ ಸಂಖ್ಯೆ ಬೇರೆ, ಜಾಲದೊಳಗಿನ ವಿಳಾಸ ಬೇರೆ. ಅದು ಮುಂಬಯಿ ವಲಯದ್ದೋ ಹೈದರಾಬಾದ್ ವಲಯದ್ದೋ ಎಂಬುದೂ ಬೇರೆ. ಅಚ್ಚಿನಲ್ಲಿ ಇಲ್ಲದ ಈ ವಿವರಗಳಿಗೆ ಮೆಟಾಡೇಟಾ ಎಂದು ಹೆಸರು.

ಇದರ ಬೆಲೆ ನನಗೆ ತಿಳಿದದ್ದು ಪೆಟ್ಟು ತಿಂದ ಮೇಲೆ. ಸ್ನೇಹಿತರೊಡನೆ ಕೂಡಿ ಜನಪದ ಗೀತೆಗಳ ಒಂದು ಸೂಚಿಯನ್ನು ಬಾಡಿಗೆಯ ಸರ್ವರಿನಲ್ಲಿ ಇರಿಸಿದ್ದೆನು. ದತ್ತಸಂಚಯದ ತಂತ್ರಾಂಶವು ಯಾವ ವಿಳಾಸದಲ್ಲಿ ಕಿವಿಗೊಟ್ಟು ಕುಳಿತಿರಬೇಕೆಂಬುದನ್ನು ಅದರ ಸಂರಚನಾ ಕಡತದಲ್ಲಿ ನಾನೇ ಕೈಯಾರೆ ಬರೆದಿದ್ದೆನು. ಕೆಲವು ತಿಂಗಳ ನಂತರ ಆ ಸರ್ವರನ್ನು ತೆಗೆದು, ಅದರ ಪ್ರತಿಬಿಂಬದಿಂದಲೇ ಹೊಸದೊಂದನ್ನು ಎಬ್ಬಿಸಿದೆವು. ಹೊಸದರ ವಿಳಾಸ ಬೇರೆ, ಕಡತದಲ್ಲಿದ್ದುದು ಹಳೆಯದು. ತನ್ನದಲ್ಲದ ವಿಳಾಸದಲ್ಲಿ ಕೂಡಲಾರೆನೆಂದು ತಂತ್ರಾಂಶವು ಏಳಲೇ ಇಲ್ಲ. ಪರೀಕ್ಷೆಯ ಕಾಲದಲ್ಲಿ ಎರಡು ದಿನ ಸೂಚಿ ಯಾರಿಗೂ ದೊರೆಯಲಿಲ್ಲ.

ಹಾಗಾದರೆ ಸರ್ವರು ತನ್ನ ವಿಳಾಸವನ್ನು ಯಾರನ್ನು ಕೇಳಬೇಕು? ಅದಕ್ಕೆಂದೇ ೧೬೯.೨೫೪.೧೬೯.೨೫೪ ಎಂಬ ವಿಳಾಸದಲ್ಲಿ ಒಂದು ಸೇವೆ ಇದೆ. ೧೬೯.೨೫೪ ಎಂದು ಆರಂಭವಾಗುವ ವಿಳಾಸಗಳು ತಮ್ಮ ಕೊಂಡಿಯನ್ನು ದಾಟಿ ಹೊರಗೆ ಸಾಗುವುದಿಲ್ಲ. ಆದ್ದರಿಂದ ಈ ಕಿಟಕಿಯು ಸರ್ವರಿನ ಒಳಗಿರುವವರಿಗೆ ಮಾತ್ರ ತೆರೆದಿರುವುದು. ಒಳಗಿನಿಂದ ‘ಲೇಟೆಸ್ಟ್/ಮೆಟಾ-ಡೇಟಾ/ಲೋಕಲ್-ಐಪಿವಿ೪’ ಎಂಬ ದಾರಿಯಲ್ಲಿ ಕೇಳಿದರೆ ಒಳವಿಳಾಸವೂ, ‘ಇನ್‌ಸ್ಟನ್ಸ್-ಐಡಿ’ ಎಂದು ಕೇಳಿದರೆ ಗುರುತಿನ ಸಂಖ್ಯೆಯೂ ಸರಳವಾದ ಅಕ್ಷರಗಳಲ್ಲಿ ಬರುವುವು.

ಇನ್ನು ಸ್ಕ್ರಿಪ್ಟಿನ ಕೆಲಸವು ಸುಲಭ. ಸಂರಚನಾ ಕಡತದ ಒಂದು ಮಾದರಿಯಲ್ಲಿ ವಿಳಾಸದ ಸ್ಥಳವನ್ನು ಖಾಲಿ ಬಿಡಬೇಕು. ಸರ್ವರು ಎದ್ದೊಡನೆ ಸ್ಕ್ರಿಪ್ಟು ಮೆಟಾಡೇಟಾವನ್ನು ಕೇಳಿ, ಖಾಲಿ ಜಾಗವನ್ನು ತುಂಬಿ, ಕಡತವನ್ನು ಬರೆದು, ತಂತ್ರಾಂಶವನ್ನು ಆರಂಭಿಸಬೇಕು. ೨೦೧೨ರಲ್ಲಿ ಹೊರಬಂದ ಅನ್ಸಿಬಲ್ ಎಂಬ ಸಾಧನದಲ್ಲಿ ಈ ವಿವರಗಳನ್ನು ಕಲೆಹಾಕಲು ಪ್ರತ್ಯೇಕ ಘಟಕವೇ ಇದೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಸ್ವಾರಸ್ಯವೆನಿಸುವ ಸಂಗತಿಯೆಂದರೆ, ಆ ಪದವನ್ನು ಟಂಕಿಸಿದವರು ಅಮೆರಿಕದ ಲೇಖಕಿ ಅರ್ಸುಲಾ ಲ ಗ್ವಿನ್. ೧೯೬೬ರ ತಮ್ಮ ಕಾದಂಬರಿಯಲ್ಲಿ ನಕ್ಷತ್ರಗಳ ನಡುವೆ ಕ್ಷಣಮಾತ್ರದಲ್ಲಿ ಸುದ್ದಿ ಮುಟ್ಟಿಸುವ ಯಂತ್ರಕ್ಕೆ ಅವರು ಆ ಹೆಸರಿಟ್ಟರು. ಇಂಥ ಸ್ಕ್ರಿಪ್ಟುಗಳ ಮುಖ್ಯ ಲಕ್ಷಣವೊಂದುಂಟು: ಒಮ್ಮೆ ನಡೆಸಿದರೂ ಹತ್ತು ಸಲ ನಡೆಸಿದರೂ ಫಲ ಒಂದೇ ಆಗಿರಬೇಕು.

ನಾನೂ ಹಾಗೆಯೇ ಬರೆದು ನಿಶ್ಚಿಂತನಾದೆನು. ಮುಂದಿನ ಸರ್ವರು ಎದ್ದಾಗ ಮತ್ತೆ ಅದೇ ಗತಿ! ಕಡತವನ್ನು ತೆರೆದು ನೋಡಿದರೆ, ವಿಳಾಸವಿರಬೇಕಾದ ಜಾಗದಲ್ಲಿ ‘ನಿನಗೆ ಅಧಿಕಾರವಿಲ್ಲ’ ಎಂಬರ್ಥದ ದೋಷಪುಟವೊಂದು ಇಡಿಯಾಗಿ ಕುಳಿತಿತ್ತು. ಹೊಸ ಸರ್ವರಿನಲ್ಲಿ ಟೋಕನ್ ಇಲ್ಲದೆ ಕೇಳಿದವರಿಗೆ ಉತ್ತರವಿಲ್ಲವೆಂಬ ನಿಯಮವಿತ್ತು. ೪೦೧ ಎಂಬ ನಿರಾಕರಣೆಯ ಸಂಖ್ಯೆಯೊಡನೆ ಬಂದ ಪುಟವನ್ನೇ ನನ್ನ ಸ್ಕ್ರಿಪ್ಟು ಉತ್ತರವೆಂದು ಭ್ರಮಿಸಿತ್ತು. ಗುಮಾಸ್ತರು ‘ನಾಳೆ ಬಾ’ ಎಂದರೆ ಅದನ್ನೇ ತನ್ನ ಕ್ರಮಸಂಖ್ಯೆಯೆಂದು ಬರೆದುಕೊಂಡ ಹುಡುಗನಂತಾಯಿತು!

ಈ ಬಿಗಿಗೆ ಕಾರಣವುಂಟು. ಸರ್ವರಿಗೆ ಒಂದು ಅಧಿಕಾರವನ್ನು ವಹಿಸಿಕೊಟ್ಟಿದ್ದರೆ ಅದರ ತಾತ್ಕಾಲಿಕ ಬೀಗದಕೈಗಳೂ ಇದೇ ಕಿಟಕಿಯಲ್ಲಿ ದೊರೆಯುವುವು. ೨೦೧೯ರಲ್ಲಿ ಅಮೆರಿಕದ ದೊಡ್ಡ ಬ್ಯಾಂಕೊಂದರ ವ್ಯವಸ್ಥೆಯನ್ನು ಹೊರಗಿನವರೊಬ್ಬರು ಮರುಳುಮಾಡಿ, ಒಳಗಿನಿಂದಲೇ ಈ ಪ್ರಶ್ನೆಯನ್ನು ಕೇಳಿಸಿ ಬೀಗದಕೈಗಳನ್ನು ಪಡೆದರು. ಹತ್ತು ಕೋಟಿಗೂ ಹೆಚ್ಚು ಜನರ ವಿವರಗಳು ಅನ್ಯರ ಪಾಲಾದವು. ಅದೇ ವರ್ಷದ ನವೆಂಬರಿನಲ್ಲಿ ಅಮೆಜಾನ್ ಎರಡನೆಯ ಆವೃತ್ತಿಯನ್ನು ಹೊರತಂದಿತು. ಅದರಲ್ಲಿ ಮೊದಲು ‘ಪುಟ್’ ಎಂಬ ಬಗೆಯ ಕೋರಿಕೆಯಿಂದ ಟೋಕನ್ ಪಡೆದು, ಆಮೇಲೆ ಅದನ್ನು ತೋರಿಸಿ ಪ್ರಶ್ನೆ ಕೇಳಬೇಕು. ಟೋಕನ್ನಿನ ಆಯುಸ್ಸು ಹೆಚ್ಚೆಂದರೆ ೨೧,೬೦೦ ಸೆಕೆಂಡು, ಎಂದರೆ ಆರು ಗಂಟೆ. ಗೂಗಲ್ ಮತ್ತು ಮೈಕ್ರೋಸಾಫ್ಟ್ ಕ್ಲೌಡುಗಳಲ್ಲಿಯೂ ಕಿಟಕಿಯ ವಿಳಾಸ ಇದೇ. ಅಲ್ಲಿ ಕೋರಿಕೆಯೊಡನೆ ಗೊತ್ತಾದ ತಲೆಬರಹವೊಂದನ್ನು ಕಳುಹಿಸಬೇಕು.

ನಾನು ಕಲಿತದ್ದನ್ನು ಮೂರು ಮಾತುಗಳಲ್ಲಿ ಹೇಳಿ ಮುಗಿಸುವೆನು. ಮೊದಲನೆಯದು, ಬದಲಾಗುವ ವಿವರವನ್ನು ಕೈಯಾರೆ ಬರೆಯಬಾರದು, ಕೇಳಿ ಬರೆಯಬೇಕು. ಎರಡನೆಯದು, ಬಂದ ಉತ್ತರವನ್ನು ಪರೀಕ್ಷಿಸಬೇಕು. ಅದು ಖಾಲಿಯಾಗಿದ್ದರೆ ಅಥವಾ ವಿಳಾಸದ ರೂಪದಲ್ಲಿ ಇಲ್ಲದಿದ್ದರೆ, ಹಳೆಯ ಕಡತವನ್ನು ಮುಟ್ಟದೆ ಸ್ಕ್ರಿಪ್ಟು ಅಲ್ಲಿಗೇ ನಿಲ್ಲಬೇಕು. ಮೂರನೆಯದು, ಸರ್ವರನ್ನು ಎಬ್ಬಿಸುವಾಗ ನಾವು ಕೊಡುವ ಆರಂಭದ ಸೂಚನೆಗಳಲ್ಲಿ ಗುಪ್ತಪದಗಳನ್ನು ಇಡಬಾರದು. ಅವೂ ಅದೇ ಕಿಟಕಿಯಲ್ಲಿ ಓದಸಿಗುವುವು.

‘ನಾನಾರು?’ ಎಂಬುದು ನಮ್ಮ ಹಿರಿಯರಿಗೆ ಜೀವಮಾನದ ಪ್ರಶ್ನೆಯಾಗಿತ್ತು. ಯಂತ್ರಕ್ಕೆ ಅದರ ಉತ್ತರ ಕ್ಷಣಾರ್ಧದಲ್ಲಿ ದೊರೆಯುವುದು. ದೊರೆತ ಉತ್ತರವು ನಿಜವೇ ಎಂದು ಒರೆಹಚ್ಚಿ ನೋಡುವ ಹೊಣೆ ಮಾತ್ರ ಸ್ಕ್ರಿಪ್ಟು ಬರೆಯುವವನದು.