ಮೊದಲು ಓಮ್, ಆಮೇಲೆ ವಾಟ್

ಗೋಪಾಳದ ಬೇಸ್ ಗಿಟಾರ್ ವಾದಕರಿಗೆ,

ನಿಮ್ಮ ಕ್ಯಾಬಿನೆಟ್ 8 ಓಮ್, 300 ವಾಟ್‌ನದು ಎಂದು ಬರೆದಿದ್ದೀರಿ. ಆಂಪ್ ಆಯ್ಕೆಯ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಆಂಪ್‌ನ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ವಾಟ್ ಸಾಮಾನ್ಯವಾಗಿ 4 ಓಮ್‌ನ ಲೆಕ್ಕ. 500 ಎಂದಿದ್ದರೆ ನಿಮ್ಮ ಕ್ಯಾಬಿನೆಟ್‌ಗೆ ಸಿಗುವುದು ಸುಮಾರು 250ರಿಂದ 300. ಇದಕ್ಕೆ ಬೇಸರ ಬೇಡ: ಶಕ್ತಿ ಅರ್ಧವಾದರೆ ಇಳಿಯುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಅದು ಸಣ್ಣ ವ್ಯತ್ಯಾಸ. ಮುಂದೆ ಇನ್ನೊಂದು 8 ಓಮ್ ಕ್ಯಾಬಿನೆಟ್ ಜೋಡಿಸಿದರೆ ಒಟ್ಟು 4 ಓಮ್ ಆಗಿ ಪೂರ್ತಿ ಶಕ್ತಿ ಬರುತ್ತದೆ. ಅದಕ್ಕಿಂತ ಕೆಳಗೆ ಇಳಿಸಬೇಡಿ, ಆಂಪ್ ಸುಟ್ಟುಹೋಗಬಹುದು.

ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾಕ್ಕೆ ಹೊಸ ಕ್ಲಾಸ್-ಡಿ ಆಂಪ್ ಹೆಡ್ ಸಾಕು. ಹಗುರ, ಬೈಕಿನಲ್ಲೇ ಒಯ್ಯಬಹುದು. ಸೌಂಡ್ ಸಿಸ್ಟಮ್‌ಗೆ ನೇರ ಸಿಗ್ನಲ್ ಕಳಿಸುವ ಡಿಐ ಔಟ್‌ಪುಟ್ ಇರುವುದನ್ನೇ ಕೊಳ್ಳಿ. ದೊಡ್ಡ ಮೈದಾನದಲ್ಲಿ ಜನರಿಗೆ ಕೇಳಿಸುವ ಕೆಲಸ ಸೌಂಡ್ ಸಿಸ್ಟಮ್‌ನದು, ನಿಮ್ಮ ಕ್ಯಾಬಿನೆಟ್ ವೇದಿಕೆಗಷ್ಟೇ. ಹಳೆಯ ವಾಲ್ವ್ ಆಂಪ್ ಅಗ್ಗಕ್ಕೆ ಸಿಕ್ಕರೂ ನಾನು ಬೇಡವೆನ್ನುವೆ. ಅದರ ಓಮ್ ಸರಿಯಾಗಿ ಹೊಂದಲೇಬೇಕು, ರಿಪೇರಿಯೂ ದುಬಾರಿ.

ಮೈಕ್ ಸೆಟ್‌ನವರ ಅಹುಜಾ ಆಂಪ್ ಬಳಸಬಹುದೇ ಎಂದು ಕೇಳಿದ್ದೀರಿ. ತಾತ್ಕಾಲಿಕವಾಗಿ ಆದೀತು, ಆದರೆ ಅದರ 100 ವೋಲ್ಟ್ ಲೈನಿಗೆ ಕ್ಯಾಬಿನೆಟ್ ಸಿಕ್ಕಿಸಬೇಡಿ. ಗಿಟಾರ್ ಕೇಬಲನ್ನು ಸ್ಪೀಕರ್‌ಗೆ ಬಳಸಲೇಬೇಡಿ. ದಪ್ಪ ಸ್ಪೀಕರ್ ಕೇಬಲ್ ಬೇಕು.

ಸೆಕೆಂಡ್ ಹ್ಯಾಂಡ್ ಆದರೆ ನಿಮ್ಮ ಕ್ಯಾಬಿನೆಟ್ಟನ್ನೇ ಒಯ್ದು ಅರ್ಧ ಗಂಟೆ ನುಡಿಸಿ. 41 ಹರ್ಟ್ಸ್‌ನ ಇ ತಂತಿ ಜೋರಾಗಿ ಮೀಟಿದಾಗ ಸ್ವರ ಒಡೆದರೆ, ಬಿಟ್ಟು ಬನ್ನಿ.