ತಿರುಗುವ ತಟ್ಟೆ ಮತ್ತು ದಾಸ್ತಾನಿನ ಲೆಕ್ಕ

ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಕನ್ವೇಯರ್ ಬೆಲ್ಟ್ ಮೇಲೆ ಸಾಗುವುದನ್ನು ಕಂಡ ಯೊಶಿಯಾಕಿ ಶಿರೈಶಿ ಅವರು, 1958ರಲ್ಲಿ ಜಪಾನಿನ ಈಗಿನ ಹಿಗಾಶಿ-ಓಸಾಕಾದಲ್ಲಿ ಅದೇ ಕ್ರಮದ ಸುಶಿ ಭೋಜನಗೃಹವನ್ನು ತೆರೆದರು. ಹುಳಿ ಬೆರೆಸಿದ ಅನ್ನದೊಡನೆ ಮೀನನ್ನಿಟ್ಟ ತಟ್ಟೆಗಳು ಗ್ರಾಹಕರ ಮುಂದೆ ಸಾಗುತ್ತವೆ. ಮಧ್ಯಾಹ್ನದ ಊಟಕ್ಕೆ ಬಂದ ಕುಟುಂಬದಲ್ಲಿ ಮಕ್ಕಳು, ಹಿರಿಯರು ತಮಗೆ ಬೇಕಾದುದನ್ನು ತಾವೇ ಎತ್ತಿಕೊಳ್ಳುತ್ತಾರೆ. ತಟ್ಟೆಯ ಬಣ್ಣವೇ ದರಪಟ್ಟಿ. ಖಾಲಿ ತಟ್ಟೆಗಳ ಎಣಿಕೆಯೇ ಬಿಲ್ಲು.

ಹೀಗೆ ಬಡಿಸುವವರ ವೇತನವೇನೋ ಉಳಿಯಿತು. ಆದರೆ ಹಸಿಮೀನು ಬಹುಕಾಲ ಕಾಯದು. ಯಾರೂ ಎತ್ತದ ತಟ್ಟೆ ನಷ್ಟದ ಬಾಬ್ತು. ಆದ್ದರಿಂದ ಕೆಲವು ಸಂಸ್ಥೆಗಳು ತಟ್ಟೆಯ ತಳದಲ್ಲಿ ಚಿಪ್ ಅಳವಡಿಸಿ ಅದು ಬೆಲ್ಟ್ ಮೇಲೆ ಕಳೆದ ಅವಧಿಯನ್ನು ಅಳೆದವು. ಈಚೆಗೆ ಹಲವು ಮಳಿಗೆಗಳು ಆದೇಶ ಬಂದ ಬಳಿಕವೇ ತಟ್ಟೆಯನ್ನು ಕಳುಹಿಸುತ್ತಿವೆ.

ವರ್ತಕರು ಗಮನಿಸಬೇಕಾದುದಿಷ್ಟೇ: ಉಳಿಸಿದ ವೇತನದಿಂದ ಕೆಟ್ಟ ಸರಕಿನ ಅಸಲನ್ನು ಕಳೆದ ಮೇಲೆ ಉಳಿದುದೇ ನಿಜವಾದ ಉಳಿತಾಯ. ಬೆಲ್ಟ್ ತಿರುಗಿದ ಮಾತ್ರಕ್ಕೆ ದಾಸ್ತಾನು ತಿರುಗಿದಂತಾಗದು.